ಕಲ್ಲು ತೊಳೆಯುವ ಮುನ್ನ

ದಾವಣಗೆರೆಗೆ ಸಮೀಪದ ಹರಿಹರದಲ್ಲಿ, ತುಂಗಭದ್ರೆಯ ದಡದಲ್ಲಿರುವ ಹರಿಹರೇಶ್ವರ ದೇವಾಲಯವನ್ನು ನೀವು ನೋಡಿರಬಹುದು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಇದನ್ನು ಕ್ರಿ.ಶ. 1224ರಲ್ಲಿ ಕಟ್ಟಿಸಿದ. ಇದು ನಮಗೆ ತಿಳಿದದ್ದು ಶಾಸನದಿಂದ. ಶಾಸನದ ಅಕ್ಷರಗಳಿರುವುದು ಕಲ್ಲಿನ ಮೇಲ್ಮೈಯಲ್ಲಿ. ಮೇಲ್ಮೈ ಸವೆದರೆ ಚರಿತ್ರೆಯ ಸಾಕ್ಷ್ಯವೇ ಅಳಿಯುತ್ತದೆ.

ಹೊಯ್ಸಳ ಶಿಲ್ಪಿಗಳು ಮೆಚ್ಚಿದ ಬಳಪದ ಕಲ್ಲು ಮೃದುವಾದುದು. ಕುಸುರಿ ಕೆತ್ತನೆಗೆ ಅನುಕೂಲವಾದ ಆ ಗುಣದಿಂದಲೇ ಅದು ತಂತಿ ಬ್ರಷ್ಷಿನ ಉಜ್ಜಾಟಕ್ಕೆ ಬೇಗ ಗೀರುಬೀಳುತ್ತದೆ. ಆದ್ದರಿಂದ, 1917ರಲ್ಲಿ ಆರಂಭವಾದ ಭಾರತೀಯ ಪುರಾತತ್ವ ಸರ್ವೇಕ್ಷಣದ ವಿಜ್ಞಾನ ಶಾಖೆಯವರು ಕಲ್ಲಿನ ಸ್ಮಾರಕಗಳ ಪಾಚಿ, ಜಿಡ್ಡುಗಳನ್ನು ತೆಗೆಯಲು ಅಮೋನಿಯದ ತೆಳು ದ್ರಾವಣ, ಸೌಮ್ಯ ಮಾರ್ಜಕ ಮತ್ತು ಮೃದುವಾದ ಬ್ರಷ್ ಬಳಸುತ್ತಾರೆ. ಕೊನೆಗೆ ಶುದ್ಧ ನೀರಿನಿಂದ ತೊಳೆಯುತ್ತಾರೆ.

ಇನ್ನು ನಿಮ್ಮ ಮನೆಯ ನೆಲಕ್ಕೆ ಬನ್ನಿ. ಶಹಾಬಾದ್ ಕಲ್ಲು ಸುಣ್ಣದ ಕಲ್ಲಿನ ಜಾತಿಯದು. ಅದರ ಮೇಲೆ ಆಸಿಡ್ ಸುರಿದಾಗ ಏಳುವ ನೊರೆ ಕೊಳೆಯದ್ದಲ್ಲ. ಕಲ್ಲಿನ ಕ್ಯಾಲ್ಸಿಯಂ ಕಾರ್ಬೊನೇಟ್ ಕರಗುವಾಗ ಹೊರಬರುವ ಇಂಗಾಲದ ಡೈ ಆಕ್ಸೈಡ್ ಅದು. ಸಂದುಗಳ ಸಿಮೆಂಟೂ ಹೀಗೆಯೇ ಸವೆಯುತ್ತದೆ. ಸೌಮ್ಯ ಸೋಪಿನ ನೀರನ್ನು ಮೊದಲು ಒಂದು ಮೂಲೆಯಲ್ಲಿ ಹಾಕಿ ಪರೀಕ್ಷಿಸಿ, ಆಮೇಲೆ ನೆಲವನ್ನೆಲ್ಲ ತೊಳೆಯಿರಿ. ಹೋಗಬೇಕಾದುದು ಕೊಳೆ, ಕಲ್ಲಲ್ಲ.