ಕರುಣೆಯ ಲೆಕ್ಕಪುಸ್ತಕ

ಬಡವರಿಗಾಗಿ ಕ್ರೈಸ್ತ ಸಭೆ ಮಾಡಿದ ಕೆಲಸದ ಇತಿಹಾಸವನ್ನು ಆಧುನಿಕ ಕಾಲದಲ್ಲಿ ವಿಸ್ತಾರವಾಗಿ ಬರೆದವರಲ್ಲಿ ಜರ್ಮನಿಯ ಲೂಥರನ್ ವಿದ್ವಾಂಸ ಗೆರ್ಹಾರ್ಡ್ ಉಲ್ಹಾರ್ನ್ ಮುಖ್ಯರು. 1882ರಲ್ಲಿ ಬಂದ ಅವರ ಗ್ರಂಥದ ಮೊದಲ ಅಧ್ಯಾಯದ ಹೆಸರೇ ‘ಪ್ರೀತಿಯಿಲ್ಲದ ಲೋಕ’. ಗ್ರೀಸ್ ಮತ್ತು ರೋಮ್‌ಗಳನ್ನು ಅವರು ಹಾಗೆ ಕರೆದರು. ಪ್ರೀತಿ ಬಂದದ್ದು ಕ್ರಿಸ್ತನಿಂದ ಎಂಬುದು ಅವರ ನಿಲುವು. ಡಚ್ ಇತಿಹಾಸಕಾರ ಬೋಲ್ಕೆಸ್ಟೈನ್ 1939ರಲ್ಲಿ ಇದನ್ನು ತಿದ್ದಿದರು. ಈಜಿಪ್ಟ್ ಮತ್ತು ಇಸ್ರೇಲ್‌ಗಳಲ್ಲಿ ಬಡವರಿಗೆ ಕೊಡುವುದು ಮೊದಲಿನಿಂದಲೂ ಧರ್ಮವಾಗಿತ್ತು. ಗ್ರೀಕರೂ ರೋಮನ್ನರೂ ಧಾರಾಳಿಗಳೇ, ಆದರೆ ಅವರು ಕೊಡುತ್ತಿದ್ದುದು ತಮ್ಮ ಊರಿನ ಪೌರರಿಗೆ. 1976ರಲ್ಲಿ ಪಾಲ್ ವೇನ್, 2002ರಲ್ಲಿ ಪೀಟರ್ ಬ್ರೌನ್ ಈ ಮಾತನ್ನು ಇನ್ನಷ್ಟು ಬೆಳೆಸಿದರು. ‘ಇವರಲ್ಲಿ ಪ್ರೀತಿ ಇತ್ತೇ’ ಎಂಬ ಪ್ರಶ್ನೆ ಹೀಗೆ ‘ಕೊಟ್ಟದ್ದರಿಂದ ಯಾರಿಗೆ ಲಾಭವಾಯಿತು’ ಎಂಬಲ್ಲಿಗೆ ಬಂದು ನಿಂತಿದೆ. ನನಗೆ ಎರಡೂ ಪ್ರಶ್ನೆಗಳು ಕೊಡುವವನ ಮನಸ್ಸಿನ ಸುತ್ತಲೇ ಸುತ್ತುತ್ತವೆ ಅನ್ನಿಸುತ್ತದೆ. ಈ ಪರಂಪರೆಯ ನಿಜವಾದ ಹೊಸತನ ಇರುವುದು ಅದು ಕಟ್ಟಿದ ಏರ್ಪಾಡುಗಳಲ್ಲಿ. ಅದರ ಯೋಗ್ಯತೆಯನ್ನೂ ಅಲ್ಲಿಯೇ ಅಳೆಯಬೇಕು.

ಪುರಾವೆ ಹೊಸ ಒಡಂಬಡಿಕೆಯಿಂದಲೇ ಶುರುವಾಗುತ್ತದೆ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಪೌಲ ಗ್ರೀಕ್ ಊರುಗಳಲ್ಲಿ ಹಣ ಕೂಡಿಸಿದ್ದು ಸುಮಾರು ಕ್ರಿ.ಶ. 55ರ ಆಸುಪಾಸಿನಲ್ಲಿ. ತಾನು ಬಂದಾಗ ಗಡಿಬಿಡಿ ಬೇಡ, ಪ್ರತಿ ವಾರದ ಮೊದಲ ದಿನ ಒಂದಿಷ್ಟು ತೆಗೆದಿಡಿ ಎಂದು ಅವನು ಕೊರಿಂಥದವರಿಗೆ ಬರೆಯುತ್ತಾನೆ. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ತನ್ನ ಮೇಲೆ ಬೆರಳು ತೋರಿಸಬಾರದೆಂದು, ಸಭೆಗಳೇ ಆರಿಸಿದವರನ್ನು ಜೊತೆಗೆ ಕರೆದುಕೊಳ್ಳುತ್ತಾನೆ. ಅಪೊಸ್ತಲರ ಕೃತ್ಯಗಳಲ್ಲಿ ಗ್ರೀಕ್ ಮಾತನಾಡುವ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಅನ್ಯಾಯವಾಗುತ್ತಿದೆ ಎಂಬ ದೂರು ಬಂದಾಗ, ಆ ಕೆಲಸಕ್ಕೆಂದೇ ಏಳು ಮಂದಿಯನ್ನು ನೇಮಿಸಲಾಗುತ್ತದೆ. ಪಕ್ಷಪಾತದ ಆರೋಪ ಬಂದಾಗ ಹೆಚ್ಚು ಪ್ರೀತಿಸಿ ಎಂದು ಉಪದೇಶಿಸದೆ ಜವಾಬ್ದಾರಿ ಹಂಚಿದ್ದು ಗಮನಿಸಬೇಕಾದ ಸಂಗತಿ. ಎರಡನೇ ಶತಮಾನದ ನಡುವಿಗೆ ಜಸ್ಟಿನ್ ಎಂಬ ಲೇಖಕ ವರ್ಣಿಸುವ ರೋಮಿನ ಭಾನುವಾರದ ಕೂಟದಲ್ಲಿ ಕಾಣಿಕೆ ಒಬ್ಬ ಹಿರಿಯನ ಕೈಸೇರಿ, ಅನಾಥರು, ವಿಧವೆಯರು, ರೋಗಿಗಳು, ಸೆರೆಯಲ್ಲಿರುವವರು ಮತ್ತು ಪರಊರಿನವರ ಪಾಲಾಗುತ್ತಿತ್ತು. 251ರಲ್ಲಿ ರೋಮಿನ ಬಿಷಪ್ ಕೊರ್ನೇಲಿಯಸ್ ಬರೆದ ಪತ್ರದಲ್ಲಿ, ಆ ಸಭೆ ಪೋಷಿಸುತ್ತಿದ್ದ ವಿಧವೆಯರು ಮತ್ತು ದೀನರ ಸಂಖ್ಯೆ 1,500ಕ್ಕೂ ಹೆಚ್ಚು. ಸಂಖ್ಯೆ ಇದೆ ಎಂದರೆ ಪಟ್ಟಿ ಇತ್ತು ಎಂದರ್ಥ.

ಇದರಲ್ಲಿ ಹೊಸದೇನು, ಯಹೂದಿಗಳ ಸಭಾಮಂದಿರಗಳಲ್ಲೂ ಬಡವರ ನಿಧಿ ಇತ್ತಲ್ಲ ಎಂದು ಕೇಳಬಹುದು. ಇತ್ತು, ಕ್ರೈಸ್ತರು ಕಲಿತದ್ದು ಬಹುಮಟ್ಟಿಗೆ ಅಲ್ಲಿಂದಲೇ. ಆದರೆ ಆ ಕ್ರಮ ಸಾಮ್ರಾಜ್ಯದ ಉದ್ದಗಲಕ್ಕೆ ಹಬ್ಬಿದಾಗ ಬಡವನೆಂಬವನು ನಗರದ ಲೆಕ್ಕಕ್ಕೆ ಬಂದ. ಅಗಸ್ಟಸ್‌ನ ಕಾಲದಲ್ಲಿ ರೋಮಿನಲ್ಲಿ ಸುಮಾರು 2 ಲಕ್ಷ ಮಂದಿಗೆ ಪುಕ್ಕಟೆ ಧಾನ್ಯ ಸಿಗುತ್ತಿತ್ತು. ಅದು ಪೌರತ್ವದ ಹಕ್ಕು, ಹಸಿವಿನ ಹಕ್ಕಲ್ಲ. 362ರಲ್ಲಿ ಹಳೆಯ ದೇವತೆಗಳ ಪೂಜೆಯನ್ನು ಮತ್ತೆ ಎತ್ತಿಹಿಡಿಯಹೊರಟ ಚಕ್ರವರ್ತಿ ಜೂಲಿಯನ್ ಗಲಾತ್ಯದ ಅರ್ಚಕನಿಗೆ ಬರೆದನೆಂಬ ಪತ್ರವೊಂದಿದೆ. ಕ್ರೈಸ್ತರು ತಮ್ಮ ಬಡವರ ಜೊತೆ ನಮ್ಮ ಬಡವರನ್ನೂ ಸಾಕುತ್ತಿದ್ದಾರೆ, ನಾವೂ ಛತ್ರಗಳನ್ನು ಕಟ್ಟಬೇಕು ಎಂಬುದು ಅದರ ಸಾರ. ಪತ್ರ ಅವನದೇ ಹೌದೋ ಎಂದು ಕೆಲವು ವಿದ್ವಾಂಸರಿಗೆ ಅನುಮಾನ. ಆದರೆ ಕೆಲವೇ ವರ್ಷಗಳಲ್ಲಿ ಕೈಸರಿಯದ ಬಿಷಪ್ ಬೇಸಿಲ್, ಇಂದಿನ ತುರ್ಕಿಯ ಕೈಸೇರಿಯ ಹೊರಗೆ, ಕುಷ್ಠರೋಗಿಗಳಿಗೂ ಜಾಗವಿದ್ದ ದೊಡ್ಡ ಆಶ್ರಯಧಾಮ ಕಟ್ಟಿದ್ದರಲ್ಲಿ ಅನುಮಾನವಿಲ್ಲ. ಬ್ರೌನ್ ಅವರ ಆಕ್ಷೇಪ ಇಲ್ಲಿಯೇ ಏಳುತ್ತದೆ: ಬಡವರ ಬಂಧು ಎನಿಸಿಕೊಂಡ ಬಿಷಪ್ ಅದೇ ಬಲದಿಂದ ನಗರದ ನಾಯಕನಾದ, ಸಭೆಗೆ ಸಿಕ್ಕ ತೆರಿಗೆ ವಿನಾಯಿತಿಗೂ ಬಡವರ ಹೆಸರೇ ಆಸರೆಯಾಯಿತು. ಒಪ್ಪಲೇಬೇಕು. ಆದರೆ ಬಡವರ ಹೆಸರಿನಲ್ಲಿ ಅಧಿಕಾರ ಪಡೆದವನು ಬಡವರನ್ನು ಮರೆತರೆ ಸಿಕ್ಕಿಬೀಳುತ್ತಾನೆ. ಅಂಥ ಬಿಗಿ ಹಿಂದಿನ ಊರದೊರೆಗಳಿಗೆ ಇರಲಿಲ್ಲ.

ಮಧ್ಯಯುಗವನ್ನು ಬೇಗ ದಾಟೋಣ. ಮಠಗಳ ಬಾಗಿಲಲ್ಲಿ ಊಟ ಹಂಚುವಾಗ ಪಾತ್ರಾಪಾತ್ರ ನೋಡಬೇಕೇ ಎಂದು ಚರ್ಚಿನ ಕಾನೂನು ಪಂಡಿತರು 12ನೇ ಶತಮಾನದಿಂದ ವಾದಿಸಿದರು. ಆ ವಾದಗಳು ಎಷ್ಟು ಸೂಕ್ಷ್ಮವಾಗಿದ್ದವೆಂದು ಬ್ರಿಯನ್ ಟಿಯರ್ನಿ 1959ರಲ್ಲಿ ತೋರಿಸಿಕೊಟ್ಟರು. ದೊಡ್ಡ ತಿರುವು ಬಂದದ್ದು 1520ರ ದಶಕದಲ್ಲಿ. 1523ರಲ್ಲಿ ಸ್ಯಾಕ್ಸನಿಯ ಲೈಸ್ನಿಗ್ ಊರಿನವರು, ಧರ್ಮಸುಧಾರಕ ಲೂಥರನ ಮುನ್ನುಡಿಯೊಂದಿಗೆ ಪ್ರಕಟವಾದ ಕರಾರಿನಂತೆ, ನಾಲ್ಕು ಬೀಗಗಳ ಒಂದು ಸಾಮೂಹಿಕ ಪೆಟ್ಟಿಗೆ ಇಟ್ಟರು. ಅದರ ಮೇಲ್ವಿಚಾರಕರಲ್ಲಿ ಸಾಮಂತರ ಜೊತೆ ರೈತರೂ ಇದ್ದರು. ಕ್ಯಾಥೊಲಿಕ್ ನಗರ ಈಪ್ರ್ 1525ರಲ್ಲಿ ಇಂಥದೇ ಪದ್ಧತಿ ತಂದಿತು, ಮರುವರ್ಷ ಮಾನವತಾವಾದಿ ವಿದ್ವಾಂಸ ವೀವೆಸ್ ಬ್ರೂಝ್ ನಗರಕ್ಕಾಗಿ ಅದನ್ನೇ ಸಮರ್ಥಿಸಿ ಬರೆದ. ಪಂಗಡಗಳ ಜಗಳದ ನಡುವೆಯೂ ಎರಡೂ ಕಡೆ ಒಂದೇ ಉತ್ತರ ಸಿಕ್ಕಿದ್ದು ನನ್ನ ವಾದಕ್ಕೆ ದೊಡ್ಡ ಬಲ. 1617ರಲ್ಲಿ ಫ್ರಾನ್ಸಿನ ಶಾತಿಯೊನ್‌ನಲ್ಲಿ ವಿನ್ಸೆಂಟ್ ದ ಪಾಲ್ ಒಂದು ಕುಟುಂಬದ ಸಂಕಷ್ಟವನ್ನು ಪ್ರವಚನದಲ್ಲಿ ಹೇಳಿದ. ಊರಿಗೆ ಊರೇ ಊಟ ಹೊತ್ತು ನಡೆಯಿತು. ಇಂದು ಮಿಕ್ಕು ಕೆಡುವಷ್ಟು, ನಾಳೆಗೆ ಏನೂ ಇಲ್ಲ ಎಂದು ಕಂಡ ಅವನು ಹೆಂಗಸರ ಸಂಘ ಕಟ್ಟಿ ಸರದಿ ಗೊತ್ತುಮಾಡಿದ. ಆ ಊರಿನಲ್ಲಿ ಕರುಣೆಗೆ ಕೊರತೆ ಇರಲಿಲ್ಲ, ಸರದಿ ಇರಲಿಲ್ಲ.

ಏರ್ಪಾಡು ಗಟ್ಟಿಯಾದಷ್ಟೂ ಹಿಡಿತವೂ ಗಟ್ಟಿಯಾಗುತ್ತದೆ ಎಂಬ ಆಕ್ಷೇಪಕ್ಕೆ ನಮ್ಮ ಕರಾವಳಿಯಲ್ಲೇ ಉದಾಹರಣೆ ಇದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಸೇರಿದವರಿಗೆ ಕುಲಕಸುಬು ತಪ್ಪುತ್ತಿತ್ತು. ಶೇಂದಿ ಇಳಿಸುವುದನ್ನು ಮಿಷನ್ನೇ ಒಪ್ಪುತ್ತಿರಲಿಲ್ಲ. ಅವರಿಗೆ ಭಿಕ್ಷೆ ಹಾಕುವ ಬದಲು ಅದು ಮಗ್ಗಗಳನ್ನು ಹೂಡಿತು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಕೂಲಿ ಕೊಡುವುದು ದಾನಕ್ಕಿಂತ ಮರ್ಯಾದೆಯದು, ನಿಜ. ಆದರೆ ಪಾದ್ರಿಯೂ ಧಣಿಯೂ ಒಂದೇ ಮನೆಯವರಾದಾಗ ಕೆಲಸಗಾರನ ನಂಬಿಕೆ ಎಷ್ಟು ಸ್ವತಂತ್ರ? ಮತಾಂತರದ ಆಮಿಷ ಎಂಬ ಟೀಕೆಯಲ್ಲಿ ಗಟ್ಟಿ ಇರುವ ಭಾಗ ಇದು. ಅದಕ್ಕೆ ಮಿಷನರಿಗಳ ಸದುದ್ದೇಶ ಉತ್ತರವಾಗಲಾರದು. ನಂಬಿಕೆ ಬದಲಿಸದವರಿಗೂ ಅದೇ ಬಾಗಿಲು ತೆರೆದಿತ್ತೇ ಎಂಬ ಪರೀಕ್ಷೆ ಮಾತ್ರ ಉತ್ತರ. ಆ ಪರೀಕ್ಷೆಯಲ್ಲಿ ಕಾರ್ಖಾನೆಗಿಂತ ಆಸ್ಪತ್ರೆ ಸುಲಭವಾಗಿ ಗೆಲ್ಲುತ್ತದೆ: 1880ರಲ್ಲಿ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಆರಂಭಿಸಿದ ಔಷಧಾಲಯ, 1890ರ ಕುಷ್ಠರೋಗಿಗಳ ಆಶ್ರಯ ವಿಚಾರಿಸುತ್ತಿದ್ದುದು ಕಾಯಿಲೆಯನ್ನು, ನಂಬಿಕೆಯನ್ನಲ್ಲ.

ಇಪ್ಪತ್ತನೇ ಶತಮಾನದ ತೀಕ್ಷ್ಣ ಟೀಕೆ ಸಭೆಯ ಒಳಗಿನಿಂದಲೇ ಬಂತು. ಅದಕ್ಕೂ ಮೊದಲೇ 1891ರ ಪೋಪ್ ಪತ್ರ ಕಾರ್ಮಿಕನ ನ್ಯಾಯವಾದ ಕೂಲಿಯ ಮಾತೆತ್ತಿತ್ತು. 1968ರಲ್ಲಿ ಲ್ಯಾಟಿನ್ ಅಮೆರಿಕದ ಬಿಷಪ್‌ಗಳ ಮೆಡೆಲಿನ್ ಸಮ್ಮೇಳನ, 1971ರಲ್ಲಿ ಪೆರುವಿನ ಗುಸ್ತಾವೊ ಗುಟಿಯೆರೆಸ್ ಬರೆದ ವಿಮೋಚನಾ ದೇವತಾಶಾಸ್ತ್ರ, ಬಡತನವನ್ನು ಹುಟ್ಟಿಸುವ ರಚನೆಯನ್ನು ಮುಟ್ಟದ ದಾನ ಸಾಲದು ಎಂದವು. ಇದು ದಾನದ ಇತಿಹಾಸದ ನಿರಾಕರಣೆ ಎನ್ನುವವರಿದ್ದಾರೆ. ನನಗೆ ಇದು ವಿಧವೆಯರ ದೂರಿನ ಮುಂದುವರಿಕೆ. ಹಂಚಿಕೆ ಕೆಟ್ಟರೆ ಹಂಚುವ ಕ್ರಮವನ್ನೇ ಬದಲಿಸಬೇಕೆಂಬ ವಾದ.

ಈ ಅಧ್ಯಯನದಲ್ಲಿ ದೊಡ್ಡ ಕೊರತೆ ಪಡೆದವರ ದನಿ. ಉಲ್ಹಾರ್ನ್‌ನಿಂದ ಬ್ರೌನ್‌ವರೆಗೆ ಆಧಾರಗಳೆಲ್ಲ ಹೆಚ್ಚಾಗಿ ಕೊಟ್ಟವರು ಬರೆದವು. ಬಾಸೆಲ್ ನಗರದಲ್ಲೂ ಮಂಗಳೂರಿನ ಬಲ್ಮಠದಲ್ಲೂ ಮಿಷನ್ನಿನ ದಾಖಲೆಗಳು ಉಳಿದಿವೆ. ಕನ್ನಡದ ಯುವ ಸಂಶೋಧಕರು ಅವುಗಳನ್ನು ಕೂಲಿ ಪಡೆದವರ ಕಡೆಯಿಂದ ಓದಲಿ.