ಪರದೆಯ ಅಗಲ, ಮುಖದ ಅಗಲ

ಕಡೂರಿನಲ್ಲಿರುವ ನಿವೃತ್ತ ಸಹೋದ್ಯೋಗಿಯೊಬ್ಬರು ತಮ್ಮ ಹಳೆಯ ಲ್ಯಾಪ್‌ಟಾಪಿಗೆ ಅಗಲ ಪರದೆಯ ಮಾನಿಟರನ್ನು ಜೋಡಿಸಿದ್ದಾರೆ. ಫೋಟೋಗಳಲ್ಲಿನ ಮುಖಗಳೆಲ್ಲ ಏಕೆ ಊದಿಕೊಂಡಂತೆ ಕಾಣುತ್ತವೆ ಎಂಬುದು ಅವರ ಪ್ರಶ್ನೆ. ಜೋಡಿಸುವುದು ಎರಡು ನಿಮಿಷದ ಕೆಲಸ; ಉತ್ತರಿಸಲು ಮಾತ್ರ ನೂರಮೂವತ್ತು ವರ್ಷಗಳಷ್ಟು ಹಿಂದಕ್ಕೆ ಹೋಗಬೇಕಾಗುತ್ತದೆ.

1890ರ ದಶಕದ ಆರಂಭದಲ್ಲಿ ಅಮೆರಿಕದ ಎಡಿಸನ್ನರ ಪ್ರಯೋಗಾಲಯದಲ್ಲಿ ಡಿಕ್ಸನ್ ಎಂಬುವರು 35 ಮಿಲಿಮೀಟರ್ ಫಿಲ್ಮಿನ ಮೇಲೆ, ಅಂಚಿನ ನಾಲ್ಕು ರಂಧ್ರಗಳ ಎತ್ತರಕ್ಕೆ ಒಂದರಂತೆ ಚಿತ್ರಗಳನ್ನು ಮೂಡಿಸಿದರು. ಚಿತ್ರದ ಅಗಲ ನಾಲ್ಕು ಪಾಲಾದರೆ ಎತ್ತರ ಮೂರು ಪಾಲು. ಮುಂದೆ ಟಿವಿಯೂ, ಅದರ ಬೆನ್ನಿಗೆ ಕಂಪ್ಯೂಟರೂ ಇದೇ ಆಕಾರವನ್ನು ಒಪ್ಪಿಕೊಂಡವು. 1987ರಲ್ಲಿ ಐಬಿಎಂ ತಂದ ವಿಜಿಎ, ಅಂದರೆ ಹದಿನೈದು ಸೂಜಿಗಳ ಆ ಪ್ಲಗ್ಗಿನ ಮೂಲಕ ಬರುತ್ತಿದ್ದ ಚಿತ್ರ 640 ಚುಕ್ಕೆ ಅಗಲ, 480 ಚುಕ್ಕೆ ಎತ್ತರ. ಅದೂ 4:3.

ಟಿವಿಯಿಂದಾಗಿ ಪ್ರೇಕ್ಷಕರು ಕಡಿಮೆಯಾದಾಗ ಹಾಲಿವುಡ್ ಪರದೆಯನ್ನೇ ಹಿಗ್ಗಿಸಿತು. 1953ರ 'ದಿ ರೋಬ್' ಸಿನಿಮಾಸ್ಕೋಪಿನ ಮೊದಲ ಚಿತ್ರ. ಭಾರತಕ್ಕೆ ಅದು ಬಂದದ್ದು 1959ರಲ್ಲಿ, ಗುರುದತ್ತರ 'ಕಾಗಜ್ ಕೆ ಫೂಲ್' ಮೂಲಕ. ಛಾಯಾಗ್ರಾಹಕರು ನಮ್ಮ ಮೈಸೂರಿನ ವಿ. ಕೆ. ಮೂರ್ತಿ. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಕಲಿತ ಇವರಿಗೆ 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಸಂದಿತು. (ಗುರುದತ್ತರು ಹುಟ್ಟಿದ್ದೂ ಬೆಂಗಳೂರಿನಲ್ಲಿಯೇ ಎಂಬುದು ಹಲವರಿಗೆ ತಿಳಿಯದು.) ಕನ್ನಡದ ಮೊದಲ ಸಿನಿಮಾಸ್ಕೋಪ್ ಚಿತ್ರ 1977ರ 'ಸೊಸೆ ತಂದ ಸೌಭಾಗ್ಯ'.

ಸಿನಿಮಾಸ್ಕೋಪಿನಲ್ಲಿ ಕ್ಯಾಮರಾದ ಮಸೂರವು ದೃಶ್ಯದ ಅಗಲವನ್ನು ಅರ್ಧಕ್ಕೆ ಅಮುಕಿ ಫಿಲ್ಮಿಗೆ ಇಳಿಸುತ್ತದೆ. ಪ್ರೊಜೆಕ್ಟರಿನ ಮಸೂರ ಅದನ್ನು ಮತ್ತೆ ಹಿಗ್ಗಿಸುತ್ತದೆ. ಟೆಂಟ್ ಸಿನಿಮಾವೊಂದರಲ್ಲಿ ಈ ಎರಡನೆಯ ಮಸೂರವಿಲ್ಲದೆ ರೀಲು ಬಿಟ್ಟಾಗ ನಾಯಕ ನಾಯಕಿಯರು ಅಡಕೆ ಮರಗಳಂತೆ ನೀಳವಾಗಿ ನಿಂತದ್ದನ್ನು ನಾನು ಕಂಡಿದ್ದೇನೆ. ನೆಲದ ಟಿಕೇಟಿನವರ ಸಿಳ್ಳೆಯೇ ಸಿಳ್ಳೆ!

1980ರ ದಶಕದಲ್ಲಿ ಕರ್ನ್ಸ್ ಪವರ್ಸ್ ಎಂಬ ಎಂಜಿನಿಯರ್ ಹಳೆಯ ಟಿವಿಗೂ ಸಿನಿಮಾಸ್ಕೋಪಿಗೂ ನಡುವಣ ಆಕಾರವಾಗಿ 16:9ನ್ನು ಸೂಚಿಸಿದರು. ನನ್ನ ಗಣಿತದ ತರಗತಿಯವರು ಗಮನಿಸಿ: 4/3ರ ವರ್ಗವೇ 16/9. ಆದಕಾರಣ ಹಳೆಯ ಆಕಾರದ ಚಿತ್ರವನ್ನು ಹೊಸ ಪರದೆಯ ತುಂಬ ಎಳೆದರೆ ಮೂರು ಅಂಗುಲದ ಮುಖ ನಾಲ್ಕು ಅಂಗುಲವಾಗುತ್ತದೆ.

ಈ ಲೆಕ್ಕ ನನ್ನ ಮನೆಯಲ್ಲಿಯೇ ಎದುರಾಯಿತು. ಅಜ್ಜಂಪುರವು ತರೀಕೆರೆ ತಾಲ್ಲೂಕಿಗೆ ಸೇರಿದ್ದ ದಿನಗಳಲ್ಲಿ, 1990ರ ದಶಕದ ಶಾಲಾ ವಾರ್ಷಿಕೋತ್ಸವವೊಂದರ ಕ್ಯಾಸೆಟ್ಟನ್ನು ಹಳೆಯ ವಿದ್ಯಾರ್ಥಿಯೊಬ್ಬ ಕಂಪ್ಯೂಟರಿಗೆ ಇಳಿಸಿ ತಂದುಕೊಟ್ಟ. ಅಂದು ಪ್ರಾರ್ಥನೆ ಹಾಡಿದ ಹುಡುಗಿ ಮರುವರ್ಷವೇ ತೀರಿಕೊಂಡಳು. ಅವಳು ನಡೆದಾಡುವ ಚಿತ್ರ ಬೇರೆಲ್ಲಿಯೂ ಇಲ್ಲ. ಆಕೆಯ ತಾಯಿಗೆ ಈಗ ದೃಷ್ಟಿ ಮಂದ. ಅದಕ್ಕೆಂದೇ 4:3 ಆಕಾರದ ನನ್ನ ಲ್ಯಾಪ್‌ಟಾಪಿಗೆ ದೊಡ್ಡ ಮಾನಿಟರನ್ನು ಜೋಡಿಸಿದೆವು. ಮೂಡಿದ್ದು ಯಾವುದೋ ದುಂಡುಮುಖದ ಮಗು. "ಇವಳು ನಮ್ಮವಳಲ್ಲ ಮೇಷ್ಟ್ರೇ" ಎಂದರು ಆ ತಾಯಿ. ಮಾನಿಟರಿನ ಗುಂಡಿಯೊತ್ತಿ 'ಆಸ್ಪೆಕ್ಟ್' ಎಂಬುದನ್ನು ಆರಿಸಿದೆ. ಎರಡು ಬದಿಗೂ ಕಪ್ಪು ಪಟ್ಟಿ ಬಂದು ಚಿತ್ರ ಕಿರಿದಾಯಿತು. ಅವರು ಮಾತನಾಡಲಿಲ್ಲ, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

ಕಡೂರಿನ ಮಿತ್ರರೂ ಇದನ್ನೇ ಮಾಡಬಹುದು. ಅವರ ಮಾನಿಟರಿನಲ್ಲಿ ಆ ಆಯ್ಕೆ ಇಲ್ಲವಾದರೆ ವಿಂಡೋಸ್ ಗುರುತಿನ ಕೀಲಿಯೊಡನೆ 'ಪಿ' ಒತ್ತಿ, 'ಡೂಪ್ಲಿಕೇಟ್' ಬದಲು 'ಎಕ್ಸ್‌ಟೆಂಡ್' ಆರಿಸಿ ನೋಡಲಿ. ಆಗ ಲ್ಯಾಪ್‌ಟಾಪಿನ ಆಕಾರವನ್ನು ಮಾನಿಟರಿನ ಮೇಲೆ ಹೇರುವ ಅಗತ್ಯವಿರುವುದಿಲ್ಲ. ಇನ್ನು, ನಿಮ್ಮ ಮನೆಗಳಲ್ಲಿ ಹಳೆಯ ಮದುವೆ, ಶಾಲಾ ಸಮಾರಂಭಗಳ ಕ್ಯಾಸೆಟ್ಟುಗಳಿದ್ದರೆ ಬೂಷ್ಟು ಹಿಡಿಯುವ ಮೊದಲೇ ಇಳಿಸಿಕೊಳ್ಳಿ. ಅಂಗಡಿಯವರು ಪರದೆ ತುಂಬುವಂತೆ ಮಾಡಿಕೊಡಲೇ ಎಂದು ಕೇಳಿದರೆ ಬೇಡವೆನ್ನಿ.