ಹದವಾದ ಏರಿನ ಹಳೆಯ ಲೆಕ್ಕ

ಶಿವಮೊಗ್ಗದ ಗೇರ್ ಸೈಕಲ್ ಸವಾರರು ಭಾನುವಾರ ಬೆಳಿಗ್ಗೆ ಹೊರಡುವುದು ಹೆಚ್ಚಾಗಿ ನೀರಿರುವ ಕಡೆಗೆ. ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 12 ಕಿ.ಮೀ. ಹೋದರೆ ಗಾಜನೂರಿನಲ್ಲಿ ತುಂಗೆಯ ಅಣೆಕಟ್ಟು. ಇನ್ನೊಂದು ಕಡೆ ಲಕ್ಕವಳ್ಳಿಯ ಭದ್ರಾ ಜಲಾಶಯ. ಊರವರ ಬಾಯಲ್ಲಿ ಬಿ.ಆರ್.ಪಿ. ಎರಡರ ಸುತ್ತಲೂ ಕಾಡು, ಗುಡ್ಡ. ಆದ್ದರಿಂದ ಇಲ್ಲಿ ದಾರಿ ಆರಿಸುವವರು ದೂರಕ್ಕಿಂತ ಮೊದಲು ಏರನ್ನು ಕೇಳಬೇಕು. 100 ಮೀಟರ್ ಸಾಗುವಷ್ಟರಲ್ಲಿ 3–4 ಮೀಟರ್ ಏರಿದರೆ ಮಾತಾಡುತ್ತಲೇ ತುಳಿಯಬಹುದು. ಎಂಟು ದಾಟಿದರೆ ಮಾತು ನಿಲ್ಲುತ್ತದೆ. ಹತ್ತು ದಾಟಿದರೆ ಹೊಸಬರು ಇಳಿದು ತಳ್ಳುತ್ತಾರೆ.

ಈ ಲೆಕ್ಕ ಸೈಕಲ್ಲಿನವರು ಕಂಡುಹಿಡಿದದ್ದಲ್ಲ. ಎತ್ತು, ಉಗಿಬಂಡಿ ಮತ್ತು ನಾಲೆಯ ನೀರು ಇದನ್ನು ಬಹಳ ಹಿಂದೆಯೇ ಮಾಡಿ ಮುಗಿಸಿವೆ.

ಕೆಳದಿ ಅರಸರ ಕಾಲದಲ್ಲಿ ಮಲೆನಾಡಿನ ಅಡಿಕೆ, ಮೆಣಸು ಘಟ್ಟ ಇಳಿಯುತ್ತಿದ್ದದ್ದೂ ಕರಾವಳಿಯ ಉಪ್ಪು ಘಟ್ಟ ಹತ್ತುತ್ತಿದ್ದದ್ದೂ ಹೇರೆತ್ತುಗಳ ಬೆನ್ನ ಮೇಲೆ. ಹೇರು ಹೊತ್ತ ಎತ್ತು ಕಡಿದಾದ ಕಾಲುದಾರಿಯನ್ನೂ ಹತ್ತಬಲ್ಲದು. ಗಾಡಿ ಕಟ್ಟಿದರೆ ಅದೇ ಎತ್ತು ನಿಂತುಬಿಡುತ್ತದೆ. 1801ರಲ್ಲಿ ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಈ ಸೀಮೆಯಲ್ಲಿ ತಿರುಗಾಡಿದಾಗ ಘಟ್ಟದ ಸಾಗಣೆ ಹೇರೆತ್ತುಗಳದ್ದೇ ಆಗಿತ್ತು. ಬದಲಾವಣೆ ಬಂದದ್ದು ಕಮಿಷನರ್ ಆಡಳಿತದಲ್ಲಿ. ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದಾಗ ಘಟ್ಟಗಳಿಗೆ ಗಾಡಿ ಹೋಗುವಂಥ ರಸ್ತೆಗಳಾದವು. ಗಾಡಿ ಹೋಗಬೇಕೆಂದರೆ ದಾರಿ ಗುಡ್ಡವನ್ನು ನೇರ ಹತ್ತುವಂತಿಲ್ಲ, ಬಳಸಬೇಕು. ಮಲೆನಾಡಿನ ರಸ್ತೆ ಇಷ್ಟೊಂದು ಸುತ್ತುತ್ತದಲ್ಲ ಎಂದು ಗೊಣಗುವ ಬಸ್ ಪ್ರಯಾಣಿಕರು ಆ ಎತ್ತುಗಳನ್ನು ಒಮ್ಮೆ ನೆನೆಯಬೇಕು. ಅದೇ ಸುತ್ತು ಸೈಕಲ್ಲಿನವನಿಗೆ ವರ.

ಇನ್ನೊಂದು ಉಪಾಯ ಹೊಳೆಯ ದಂಡೆ ಹಿಡಿಯುವುದು. ಶಿವಮೊಗ್ಗದಿಂದ ಗಾಜನೂರು, ಸಕ್ರೆಬೈಲು, ಮಂಡಗದ್ದೆಯ ಮೂಲಕ ತೀರ್ಥಹಳ್ಳಿಗೆ ಹೋಗುವ ದಾರಿ ಬಹುಪಾಲು ತುಂಗೆಯ ಕಣಿವೆಯನ್ನೇ ನೆಚ್ಚಿಕೊಂಡಿದೆ. ಸಕ್ರೆಬೈಲಿನಲ್ಲಿ ಬೆಳಗ್ಗೆ ಆನೆಗಳ ಸ್ನಾನ, ಮಂಡಗದ್ದೆಯಲ್ಲಿ ಮಳೆಗಾಲದ ಹೊಳೆಯ ನಡುವಿನ ಮರಗಳ ಮೇಲೆ ಹಕ್ಕಿಗೂಡುಗಳು. ದಾರಿಯಲ್ಲಿ ದಿಣ್ಣೆಗಳುಂಟು, ಘಟ್ಟವಿಲ್ಲ.

ಭದ್ರಾವತಿ ಕಡೆಯ ಕಥೆಯೇ ಬೇರೆ, ಅದರಲ್ಲಿ ಕಬ್ಬಿಣವಿದೆ. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲಿ ರೈಲು ಬಂತು. ಆಗ ಬೆಂಕಿಪುರ ಎನಿಸಿಕೊಂಡಿದ್ದ ಭದ್ರಾವತಿಯಲ್ಲಿ 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿತು. ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರದ ಈ ಸಾಹಸದ ಆಡಳಿತ ಮಂಡಳಿಗೆ ವಿಶ್ವೇಶ್ವರಯ್ಯನವರೇ ಅಧ್ಯಕ್ಷರು. ಕಲ್ಲಿದ್ದಲು ಹತ್ತಿರದಲ್ಲೆಲ್ಲೂ ಇರಲಿಲ್ಲ, ಸುತ್ತಲಿದ್ದದ್ದು ಕಾಡು. ಹಾಗಾಗಿ ಕುಲುಮೆ ಉರಿದದ್ದು ಮರದ ಇದ್ದಿಲಿನಿಂದ. ಸೌದೆಯನ್ನೂ ಅದಿರನ್ನೂ ಕಾರ್ಖಾನೆಗೆ ತರಲು ಕಾಡಿನೊಳಗೆ ಕಿರಿದಾದ ಹಳಿಯ ಟ್ರಾಮ್ ದಾರಿಗಳು ಹೊಕ್ಕವು. ತರೀಕೆರೆಯಿಂದ ನರಸಿಂಹರಾಜಪುರಕ್ಕೂ ಇಂಥದೇ 2 ಅಡಿ ಅಗಲದ ಹಳಿಯ ಮೇಲೆ ಪುಟ್ಟ ರೈಲು ಓಡುತ್ತಿತ್ತು.

ಅದಿರಿನ ಪ್ರಯಾಣವನ್ನು ಕೊಂಚ ಗಮನಿಸಬೇಕು. ಬಾಬಾಬುಡನ್‌ಗಿರಿ ಸಾಲಿನ ಕೆಮ್ಮಣ್ಣುಗುಂಡಿ 1,434 ಮೀಟರ್ ಎತ್ತರದಲ್ಲಿದೆ. ಅಲ್ಲಿ ಅಗೆದ ಅದಿರು ರೋಪ್‌ವೇ ತೊಟ್ಟಿಗಳಲ್ಲಿ ತೂಗಾಡುತ್ತ ಬುಡದ ತಣಿಗೆಬೈಲಿಗೆ ಇಳಿಯುತ್ತಿತ್ತು. ಅಲ್ಲಿಂದ ಮುಂದೆ ಭದ್ರಾವತಿಯವರೆಗೆ ಟ್ರಾಮ್. ಇದಕ್ಕಿಂತ ಸ್ಪಷ್ಟವಾದ ಸೈಕಲ್ ನಕ್ಷೆಯನ್ನು ಯಾರೂ ಬರೆದುಕೊಡಲಾರರು. ಉಗಿ ಎಂಜಿನ್ನಿಗೆ 100 ಅಡಿಗೆ ಒಂದೆರಡು ಅಡಿ ಏರಿದರೂ ಏದುಸಿರು; ಅದು ಓಡಿದ ದಾರಿಯಲ್ಲಿ ಸಾಧಾರಣ ಸವಾರ ನಿರಾಳವಾಗಿ ತುಳಿಯಬಹುದು. ಎಂಜಿನಿಯರುಗಳೇ ಹಳಿ ಬೇಡವೆಂದು ಕೈಚೆಲ್ಲಿ ಹಗ್ಗಕ್ಕೆ ಜೋತುಬಿದ್ದ ಕಡೆ ಹೊಸಬನಿಗೆ ಕೆಲಸವಿಲ್ಲ. ಕೆಮ್ಮಣ್ಣುಗುಂಡಿಯ ಏರು ಚೆಂದವೇನೋ ಹೌದು, ಆದರೆ ತೊಡೆ ಗಟ್ಟಿಯಿದ್ದವರಿಗೆ ಮಾತ್ರ.

ಭದ್ರಾವತಿಗೆ ಸೈಕಲ್ ಹೊಸದೂ ಅಲ್ಲ. ಕಬ್ಬಿಣದ ಕಾರ್ಖಾನೆಯ ಜೊತೆಗೆ 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯೂ ಸೇರಿ ಊರು ಪಾಳಿಯ ಲೆಕ್ಕದಲ್ಲಿ ಎದ್ದು ಮಲಗುತ್ತಿತ್ತು. ಸೈರನ್ ಕೂಗಿದರೆ ಗೇಟಿನಿಂದ ಸೈಕಲ್ಲುಗಳು ಹೊರಬೀಳುತ್ತಿದ್ದವು: ಹ್ಯಾಂಡಲ್ಲಿಗೆ ಊಟದ ಕ್ಯಾರಿಯರ್, ಚಕ್ರಕ್ಕೆ ಉಜ್ಜುವ ಡೈನಮೋ, ಬಲಗಾಲಿನ ಪ್ಯಾಂಟು ಚೈನಿಗೆ ಸಿಕ್ಕದಂತೆ ಮಡಚಿ ಹಾಕಿದ ಕ್ಲಿಪ್ಪು. ರಾತ್ರಿ ದೀಪವಿಲ್ಲದೆ ಬಂದರೆ ಪೊಲೀಸರು ಚಕ್ರದ ಗಾಳಿ ಬಿಡುತ್ತಿದ್ದ ಕಾಲ ಅದು. ಆ ಭಾರದ ಸೈಕಲ್ಲುಗಳಿಗೆ ಗೇರ್ ಇರಲಿಲ್ಲ. ದಿಣ್ಣೆ ಬಂದರೆ ಇಳಿದು ತಳ್ಳುವುದು, ಇಳಿಜಾರಿನಲ್ಲಿ ಮತ್ತೆ ಹತ್ತುವುದು. ಅದನ್ನು ಯಾರೂ ಅವಮಾನವೆಂದು ತಿಳಿಯುತ್ತಿರಲಿಲ್ಲ.

ಗುಡ್ಡದ ಸೈಕಲ್ ಎಂಬ ಆಟ ಹುಟ್ಟಿದ್ದು 1970ರ ದಶಕದ ಕ್ಯಾಲಿಫೋರ್ನಿಯಾದಲ್ಲಿ. ಮರೀನ್ ಕೌಂಟಿಯ ಯುವಕರು ಹಳೆಯ, ದಪ್ಪ ಚಕ್ರದ ಸೈಕಲ್ಲುಗಳನ್ನು ಗುಡ್ಡಕ್ಕೆ ಸಾಗಿಸಿ ಕೆಳಗೆ ಹಾರಿಸುತ್ತಿದ್ದರು. 1976ರಲ್ಲಿ ಆರಂಭವಾದ ಅವರ ‘ರೀಪ್ಯಾಕ್’ ಪಂದ್ಯ ನಡೆದದ್ದು ಕಾಳ್ಗಿಚ್ಚು ನಂದಿಸುವವರಿಗಾಗಿ ಕಡಿದ ಮಣ್ಣುದಾರಿಯಲ್ಲಿ. ಅಲ್ಲಿಯೂ ದಾರಿ ಬೇರೆ ಯಾರದೋ ಕೆಲಸಕ್ಕೆ ಮಾಡಿದ್ದೇ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ 1960ರ ದಶಕದಲ್ಲೇ ಹಳಿ ಕಿತ್ತ ರೈಲುದಾರಿಯನ್ನು ಸೈಕಲ್ ಹಾದಿ ಮಾಡಿದರು.

ಭದ್ರಾ ಅಣೆಕಟ್ಟಿನ ಕೆಲಸ 1947ರಲ್ಲಿ ಆರಂಭವಾಗಿ 1965ರವರೆಗೆ ನಡೆಯಿತು. ಕಣಿವೆಯ ಗದ್ದೆ, ಊರು, ಹಳೆಯ ದಾರಿಗಳು ಹಿನ್ನೀರಿಗೆ ಹೋದವು. ಜಲಾಶಯದ ಪೂರ್ಣ ಮಟ್ಟ 186 ಅಡಿ. ಮಳೆಗಾಲದಲ್ಲಿ ಶಿವಮೊಗ್ಗದ ಚಹದಂಗಡಿಗಳಲ್ಲಿ ‘ಇವತ್ತು ಎಷ್ಟಾಯ್ತು?’ ಎಂದರೆ ಕ್ರಿಕೆಟ್ ಸ್ಕೋರಿನ ಮಾತಲ್ಲ, ಈ ಮಟ್ಟದ್ದು. ಮುಳುಗಿದ ದಾರಿಗಳ ಬದಲಿಗೆ ಅಣೆಕಟ್ಟು ಇನ್ನೊಂದನ್ನು ಕೊಟ್ಟಿತು: ನಾಲೆಯ ಏರಿ. ಎಡದಂಡೆ ನಾಲೆ 77 ಕಿ.ಮೀ., ಬಲದಂಡೆ ನಾಲೆ 103 ಕಿ.ಮೀ. ನೀರು ತಾನಾಗಿ ಹರಿಯಬೇಕಾದ್ದರಿಂದ ದೊಡ್ಡ ನಾಲೆಯ ಇಳಿಜಾರು ಕಿಲೋಮೀಟರಿಗೆ ಗೇಣಿನ ಆಸುಪಾಸು. ಅದರ ಏರಿಯ ಮೇಲೆ ಸಾಗುವವನಿಗೆ ಒಂದು ಪಕ್ಕ ಗುಡ್ಡ, ಇನ್ನೊಂದು ಪಕ್ಕ ಗದ್ದೆ, ಅಡಿಕೆ ತೋಟ. ಏರು ಮಾತ್ರ ಲೆಕ್ಕಕ್ಕೇ ಸಿಗುವುದಿಲ್ಲ. ಬೇಸಿಗೆಯಲ್ಲಿ ನೆಲ ಗಟ್ಟಿ. ಮುಂಗಾರು ಹಿಡಿಯಿತೆಂದರೆ ಜೇಡಿ ಚಕ್ರಕ್ಕೂ ಫೋರ್ಕಿಗೂ ನಡುವೆ ಮೆತ್ತಿ, ಕಡ್ಡಿಯಿಂದ ಕೆರೆದು ತೆಗೆಯುವ ತನಕ ಚಕ್ರ ತಿರುಗದು. ನಾಲೆಯ ಅಂಚಿಗೆ ಎಲ್ಲ ಕಡೆ ತಡೆಗೋಡೆಯೂ ಇಲ್ಲ, ಕಾಂಕ್ರೀಟ್ ಇಳಿಜಾರಿನಲ್ಲಿ ಜಾರಿದವರು ಮೇಲೆ ಹತ್ತುವುದು ಕಷ್ಟ. ಮಕ್ಕಳನ್ನು ಕರೆದೊಯ್ಯುವವರು ನೀರು ಬಿಟ್ಟಿರುವಾಗ ಏರಿಯ ಗೊಡವೆಗೆ ಹೋಗದಿರುವುದೇ ಲೇಸು.

ಇನ್ನೊಂದು ಮಿತಿಯನ್ನು ಕಾಡು ಹಾಕಿದೆ. ಶೆಟ್ಟಿಹಳ್ಳಿ ಮತ್ತು ಭದ್ರಾ ಎರಡೂ 1974ರಲ್ಲಿ ಅಭಯಾರಣ್ಯಗಳಾದವು. ಭದ್ರಾ 1998ರಲ್ಲಿ ಹುಲಿ ಮೀಸಲು ಪ್ರದೇಶವೂ ಆಯಿತು. ಕುಲುಮೆಗೆ ಸೌದೆ ಒದಗಿಸಿದ ಕಾಡಿನ ದೊಡ್ಡ ಭಾಗಕ್ಕೆ ಈಗ ಅಪ್ಪಣೆಯಿಲ್ಲದೆ ಕಾಲಿಡುವಂತಿಲ್ಲ. ಅದು ಸರಿಯಾದ ನಿಯಮ. ಉಂಬ್ಳೇಬೈಲು ಕಡೆಯ ಸಾರ್ವಜನಿಕ ರಸ್ತೆಗೂ ಆನೆಗಳು ಬರುತ್ತವೆ, ಸೈಕಲ್ಲಿಗೆ ಸದ್ದಿಲ್ಲದ್ದರಿಂದ ಸವಾರ ಹತ್ತಿರ ಬರುವವರೆಗೂ ಅವಕ್ಕೆ ತಿಳಿಯುವುದಿಲ್ಲ.

ಅಭಯಾರಣ್ಯದ ಹೊರಗೆ ಟ್ರಾಮ್ ಸಾಗಿದ್ದ ಜಾಡನ್ನು ಕಾರ್ಖಾನೆಯ ಹಳೆಯ ನಕ್ಷೆಗಳಿಂದ ಗುರುತಿಸಿ, ನಾಲ್ಕು ಫಲಕ ನೆಟ್ಟು ಸೈಕಲ್ಲಿಗೆ ಬಿಡುವುದು ಪ್ರವಾಸೋದ್ಯಮ ಇಲಾಖೆಗೆ ಭಾರದ ಕೆಲಸವಲ್ಲ. ಅಲ್ಲಿಯವರೆಗೆ ಹೊಸಬರು ಮೊದಲು ಗಾಜನೂರು, ಸಕ್ರೆಬೈಲಿಗೆ ಹೋಗಿಬರಲಿ. ಅದು ಹಗುರವೆನಿಸಿದರೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಮಾರ್ಗವಾಗಿ ಬಿ.ಆರ್.ಪಿ. ತನಕ ಒಂದು ಕಡೆಗೆ ಸುಮಾರು 28 ಕಿ.ಮೀ. ತುಳಿಯಲಿ. ಬೆಳಕು ಹರಿದ ಮೇಲೆ ಹೊರಟು ಬಿಸಿಲೇರುವ ಮುನ್ನ ಮರಳುವುದು ಎರಡಕ್ಕೂ ಒಳ್ಳೆಯದು.